ಬೀಗದ ಕೈ ಯಾರ ಹತ್ತಿರ?

(ಮೇ ದಿನದ ಹಿಂದಿನ ಸಂಜೆ ಪೀಣ್ಯದ ಪಕ್ಕದ ಒಂದು ಸಣ್ಣ ವಾಚನಾಲಯದಲ್ಲಿ ಅಮೆರಿಕದ ಕಾರ್ಮಿಕರ ಚರಿತ್ರೆಯ ಬಗ್ಗೆ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಕೆಲಸ ಮುಗಿಸಿ ಮನೆಗೂ ಹೋಗದೆ ನೇರವಾಗಿ ಇಲ್ಲಿಗೆ ಬಂದಿದ್ದೀರಿ. ಊಟದ ಡಬ್ಬಿ ಇನ್ನೂ ಬ್ಯಾಗಿನಲ್ಲೇ ಇದೆ. ನಾಳೆ ರಜೆ ಅನ್ನುವ ಧೈರ್ಯದ ಮೇಲೆ ಸ್ವಲ್ಪ ಹೊತ್ತು ಮಾತಾಡುತ್ತೇನೆ.

ನನ್ನ ಅಮ್ಮ ಹನ್ನೊಂದು ವರ್ಷ ಗಾರ್ಮೆಂಟ್ಸ್‌ಗೆ ಹೋದವರು. ಮೊದಲು ಹೆಲ್ಪರ್, ಆಮೇಲೆ ಟೈಲರ್. ಶರ್ಟಿಗೆ ಕಾಲರ್ ಕೂರಿಸುತ್ತಿದ್ದರು. ಒಂಬತ್ತು ಗಂಟೆಗೆ ಗೇಟು ಮುಚ್ಚುತ್ತಿತ್ತು. ಎರಡು ನಿಮಿಷ ತಡವಾದರೂ ಅರ್ಧ ದಿನದ ಸಂಬಳ ಹೋದ ಹಾಗೆಯೇ. ಒಂದು ಸಲ ನನಗೆ ಜ್ವರ ಬಂದಿತ್ತು. ಪಕ್ಕದ ಮನೆಯವರಿಗೆ ನನ್ನನ್ನು ಒಪ್ಪಿಸಿ ಅಮ್ಮ ಓಡಿದರು. ಗೇಟು ಮುಚ್ಚಿಬಿಟ್ಟಿತ್ತು. ವಾಚ್‌ಮನ್ ಕಂಬಿಯ ಆ ಕಡೆ ನಿಂತು, "ಏನು ಮಾಡ್ಲಿ ಅಕ್ಕಾ, ತೆಗೆದ್ರೆ ನನ್ನ ಕೆಲಸ ಹೋಗುತ್ತೆ" ಅಂದನಂತೆ. ಬೀಗದ ಕೈ ಅವನ ಸೊಂಟದಲ್ಲೇ ನೇತಾಡುತ್ತಿತ್ತು. ಅಮ್ಮ ಇದನ್ನು ಕೋಪದಿಂದ ಹೇಳುತ್ತಿರಲಿಲ್ಲ. ಪಾಪ, ಅವನದೇನು ತಪ್ಪು ಅನ್ನುತ್ತಿದ್ದರು.

ಮಾಲೀಕರೇ ಕಾರ್ಮಿಕರನ್ನು ಹೊರಗಿಟ್ಟು ಗೇಟು ಮುಚ್ಚುವ ಲಾಕೌಟ್‌ಗೆ ನಮ್ಮ ಪತ್ರಿಕೆಗಳಲ್ಲಿ "ಬೀಗಮುದ್ರೆ" ಅಂತ ಬರೆಯುತ್ತಾರೆ. ಚಿಕ್ಕಂದಿನಿಂದ ಆ ಪದ ನೋಡಿದಾಗಲೆಲ್ಲ ನನಗೆ ಆ ಗೇಟು ನೆನಪಾಗುತ್ತದೆ. ಮುಂದೆ ಅಮೆರಿಕದ ಕಾರ್ಮಿಕರ ಚರಿತ್ರೆ ಓದಲು ಕೂತಾಗ ಸಂಬಳದ ಜಗಳಗಳ ಕತೆ ಇರುತ್ತದೆ ಅಂದುಕೊಂಡಿದ್ದೆ. ಇತ್ತು, ನಿಜ. ಆದರೆ ಹೋದಲ್ಲೆಲ್ಲ ಸಿಕ್ಕಿದ್ದು ಬಾಗಿಲು, ಬೀಗ, ಬೇಲಿ. ಒಳಗೆ ಬರಬೇಕಾದವರು ಯಾರು, ಹೊರಗೆ ಹೋಗಬಹುದಾದವರು ಯಾರು, ಯಾವಾಗ, ಯಾರನ್ನು ಕೇಳಿ? ನೂರೈವತ್ತು ವರ್ಷ ಅಲ್ಲಿ ನಡೆದ ಜಗಳ ಇದೇ ಅಂತ ನನಗೆ ಅನ್ನಿಸುತ್ತದೆ. ಅಮೆರಿಕ ನಮಗೇನು ದೂರವಲ್ಲ. ಇಲ್ಲಿ ಹೊಲಿದ ಶರ್ಟು ಅಲ್ಲಿನ ಅಂಗಡಿಯಲ್ಲಿ ತೂಗಾಡುತ್ತದೆ, ಅಲ್ವಾ?

ಶುರುವಾಗಿದ್ದು ಹೆಣ್ಣುಮಕ್ಕಳಿಂದ. 1820ರ ದಶಕದಲ್ಲಿ ಮೆಸಾಚುಸೆಟ್ಸ್ ರಾಜ್ಯದ ಲೋವೆಲ್ ಊರಿನಲ್ಲಿ, ಮೆರಿಮ್ಯಾಕ್ ನದಿಯ ನೀರಿನ ಬಲದಿಂದ ಹತ್ತಿಯ ಗಿರಣಿಗಳು ಓಡತೊಡಗಿದವು. ಸುತ್ತಲಿನ ರೈತರ ಮನೆಗಳ ಹುಡುಗಿಯರು ಕೆಲಸಕ್ಕೆ ಬಂದರು. ಅವರು ಇರುತ್ತಿದ್ದುದು ಕಂಪನಿಯ ಹಾಸ್ಟೆಲಿನಲ್ಲಿ. ಏಳುವುದಕ್ಕೆ ಗಂಟೆ, ಉಣ್ಣುವುದಕ್ಕೆ ಗಂಟೆ, ಗಿರಣಿಗೆ ಹೋಗುವುದಕ್ಕೆ ಗಂಟೆ. ದಿನಕ್ಕೆ ಹನ್ನೆರಡು ಹದಿಮೂರು ತಾಸು ದುಡಿತ. ರಾತ್ರಿ ಹತ್ತಕ್ಕೆ ಹಾಸ್ಟೆಲ್ ಬಾಗಿಲು ಬಂದ್. ಅವರು ನೂಲುತ್ತಿದ್ದ ಹತ್ತಿ ಬರುತ್ತಿದ್ದುದು ದಕ್ಷಿಣದ ರಾಜ್ಯಗಳಿಂದ. ಅಲ್ಲಿ ಅದನ್ನು ಬೆಳೆದು ಬಿಡಿಸುತ್ತಿದ್ದವರು ಕಪ್ಪು ಜನ, ಗುಲಾಮರು. ಅವರಿಗೆ ಹೊರಗೆ ಹೋಗುವ ಗೇಟೂ ಇಲ್ಲ, ಸಂಬಳದ ಮಾತಂತೂ ಇಲ್ಲವೇ ಇಲ್ಲ. ಇದನ್ನು ಮರೆತು ಲೋವೆಲ್ ಕತೆ ಹೇಳಬಾರದು.

1836ರ ಅಕ್ಟೋಬರ್‌ನಲ್ಲಿ ಹಾಸ್ಟೆಲ್ ಊಟದ ದರ ಏರಿತು. ಕೈಗೆ ಬರುವ ಸಂಬಳ ಅಷ್ಟು ಕಡಿಮೆಯಾದ ಹಾಗೆ. ಹುಡುಗಿಯರು ಮುಷ್ಕರ ಹೂಡಿದರು. ಒಂದು ಕೋಣೆಯಲ್ಲಿ ದೊಡ್ಡವರೆಲ್ಲ ಹೋಗೋಣವಾ ಬೇಡವಾ ಅಂತ ಮುಖ ಮುಖ ನೋಡುತ್ತ ನಿಂತಿದ್ದರು. ಹ್ಯಾರಿಯೆಟ್ ಹ್ಯಾನ್ಸನ್ ಅನ್ನುವ ಹನ್ನೊಂದು ವರ್ಷದ ಹುಡುಗಿಗೆ ತಾಳ್ಮೆ ಕೆಟ್ಟಿತು. ಯಾರು ಬರಲಿ ಬಿಡಲಿ, ನಾನಂತೂ ಹೊರಟೆ ಅಂದು ಬಾಗಿಲು ದಾಟಿಬಿಟ್ಟಳು. ತಿರುಗಿ ನೋಡಿದರೆ ಹಿಂದೆ ಇಡೀ ಕೋಣೆ. ಅವಳ ತಾಯಿ ವಿಧವೆ. ಕಂಪನಿಯ ಹಾಸ್ಟೆಲ್ ಒಂದನ್ನು ನೋಡಿಕೊಂಡು ಸಂಸಾರ ಸಾಗಿಸುತ್ತಿದ್ದವರು. ಕಂಪನಿ ಆ ತಾಯಿಯನ್ನು ಕೆಲಸದಿಂದ ತೆಗೆಯಿತು. ದೊಡ್ಡ ಹುಡುಗಿಯರನ್ನು ತಡೆಯುವುದು ನಿಮ್ಮ ಕೈಲಿರಲಿಲ್ಲ ಸರಿ, ಹೆತ್ತ ಮಗಳನ್ನಾದರೂ ತಡೆಯಬಹುದಿತ್ತಲ್ಲ ಅನ್ನುವುದು ಕಾರಣ. ಹ್ಯಾರಿಯೆಟ್ ಮುದುಕಿಯಾದ ಮೇಲೂ ಆ ದಿನದ ಬಗ್ಗೆ ಹೆಮ್ಮೆಯಿಂದ ಬರೆದಿದ್ದಾರೆ.

ಹತ್ತು ತಾಸಿನ ದಿನ ಬೇಕು ಅಂತ ಅದೇ ಊರಿನ ಸಾರಾ ಬ್ಯಾಗ್ಲಿ ಮತ್ತು ಗೆಳತಿಯರು 1845ರಲ್ಲಿ ಶಾಸನಸಭೆಯ ಸಮಿತಿಯ ಮುಂದೆ ನಿಂತರು. ಇದು ನಮ್ಮ ಕೆಲಸವಲ್ಲ ಅಂತ ಸಮಿತಿ ಕೈತೊಳೆದುಕೊಂಡಿತು. ಹೆಂಗಸರಿಗೆ ಹತ್ತು ತಾಸಿನ ಮಿತಿ ಹಾಕುವ ಕಾನೂನು ಆ ರಾಜ್ಯದಲ್ಲಿ ಬಂದಿದ್ದು 1874ರಲ್ಲಿ. ಕೇಳಿದವರಿಗೆ ಸಿಗಲಿಲ್ಲ, ಅವರ ಮಕ್ಕಳ ಕಾಲಕ್ಕೆ ಸಿಕ್ಕಿತು.

ನಾಳೆಯ ರಜೆಯ ಕತೆ ನಿಮಗೆ ಗೊತ್ತಿರುವುದೇ. ಬೇಗ ಹೇಳಿ ಮುಂದೆ ಹೋಗುತ್ತೇನೆ. 1886ರ ಮೇ 1ರಂದು ಎಂಟು ತಾಸಿನ ದಿನಕ್ಕಾಗಿ ಅಮೆರಿಕದ ಎಷ್ಟೋ ಊರುಗಳಲ್ಲಿ ಮುಷ್ಕರ ನಡೆಯಿತು. ಶಿಕಾಗೋದಲ್ಲಿ ಮೆಕಾರ್ಮಿಕ್ ಅನ್ನುವ ಕೊಯ್ಲು ಯಂತ್ರದ ಕಾರ್ಖಾನೆ ಇತ್ತು. ಅದು ಆ ವರ್ಷ ಫೆಬ್ರುವರಿಯಲ್ಲೇ ಬೀಗಮುದ್ರೆ ಹಾಕಿ, ಬೇರೆ ಆಳುಗಳನ್ನು ತಂದು ಕೆಲಸ ನಡೆಸುತ್ತಿತ್ತು. ಮೇ 3ರಂದು ಅದೇ ಗೇಟಿನ ಮುಂದೆ ಪೊಲೀಸರು ಗುಂಡು ಹಾರಿಸಿದರು. ಅದನ್ನು ಖಂಡಿಸಿ ಮರುದಿನ ಹೇಮಾರ್ಕೆಟ್‌ನಲ್ಲಿ ಸಭೆ ಸೇರಿದಾಗ ಬಾಂಬು ಬಿತ್ತು. ಎಸೆದವರು ಯಾರು ಅಂತ ಇವತ್ತಿಗೂ ಗೊತ್ತಿಲ್ಲ. ಆದರೂ 1887ರ ನವೆಂಬರ್ 11ರಂದು ಕಾರ್ಮಿಕ ಚಳವಳಿಯ ನಾಲ್ವರನ್ನು ಗಲ್ಲಿಗೇರಿಸಿದರು. ಆರು ವರ್ಷದ ಮೇಲೆ ರಾಜ್ಯಪಾಲ ಆಲ್ಟ್‌ಗೆಲ್ಡ್, ಆ ವಿಚಾರಣೆ ನ್ಯಾಯವಾಗಿರಲಿಲ್ಲ ಅಂತ ಹೇಳಿ ಜೈಲಿನಲ್ಲಿ ಉಳಿದಿದ್ದ ಮೂವರನ್ನು ಬಿಟ್ಟರು. ನಮ್ಮ ದೇಶಕ್ಕೆ ಮೇ ದಿನ ಬಂದಿದ್ದು 1923ರಲ್ಲಿ. ಮದ್ರಾಸಿನಲ್ಲಿ ಕಾರ್ಮಿಕ ನಾಯಕ ಸಿಂಗಾರವೇಲರ್ ಆಚರಿಸಿದರು.

ಬೇಲಿಯ ಕತೆಗೆ ಬರೋಣ. ಪಿಟ್ಸ್‌ಬರ್ಗ್ ಪಕ್ಕದಲ್ಲಿ ಹೋಮ್‌ಸ್ಟೆಡ್ ಅಂತ ಊರು. ಆಂಡ್ರೂ ಕಾರ್ನೆಗಿಯ ಉಕ್ಕಿನ ಕಾರ್ಖಾನೆ. 1892ರಲ್ಲಿ ಸಂಬಳ ಇಳಿಸುವ ಮಾತು ಬಂತು. ಯೂನಿಯನ್ ಒಪ್ಪಲಿಲ್ಲ. ಕಾರ್ನೆಗಿ ಆಗ ಸ್ಕಾಟ್ಲೆಂಡಿನಲ್ಲಿದ್ದರು. ಮ್ಯಾನೇಜರ್ ಹೆನ್ರಿ ಫ್ರಿಕ್ ಕಾರ್ಖಾನೆಯ ಸುತ್ತ ಎತ್ತರದ ಹಲಗೆ ಬೇಲಿ ಕಟ್ಟಿಸಿ, ಮೇಲೆ ಮುಳ್ಳುತಂತಿ ಎಳೆಸಿದರು. ಕಾರ್ಮಿಕರು ಅದಕ್ಕೆ "ಫ್ರಿಕ್ ಕೋಟೆ" ಅಂತ ಹೆಸರಿಟ್ಟರು. ಆಮೇಲೆ ಬೀಗಮುದ್ರೆ. ಜುಲೈ 6ರ ಬೆಳಗಿನ ಜಾವ ಬಂದೂಕು ಹಿಡಿದ 300 ಖಾಸಗಿ ಕಾವಲುಗಾರರು ದೋಣಿಗಳಲ್ಲಿ ನದಿ ಹಿಡಿದು ಬಂದರು. ದಡದಲ್ಲಿ ಊರಿಗೆ ಊರೇ ನಿಂತಿತ್ತು. ಇಡೀ ದಿನ ಕಾದಾಟ. ಎರಡೂ ಕಡೆ ಜನ ಸತ್ತರು. ಕಾವಲುಗಾರರು ಶರಣಾದರು. ಆದರೆ ಕೆಲವೇ ದಿನಗಳಲ್ಲಿ ರಾಜ್ಯದ ಸೇನೆ ಬಂತು, ಸೇನೆಯ ಕಾವಲಿನಲ್ಲಿ ಹೊಸ ಆಳುಗಳು ಒಳಗೆ ಹೋದರು, ಯೂನಿಯನ್ ಮುರಿದುಬಿತ್ತು. ಕಾರ್ನೆಗಿ ಮುಂದೆ ಊರೂರಿಗೆ ಲೈಬ್ರರಿ ಕಟ್ಟಿಸಿದರು. ನಾನು ಪುಸ್ತಕ ಪ್ರೀತಿಸುವವನು, ಆ ದಾನವನ್ನು ಹಗುರ ಮಾಡುವುದಿಲ್ಲ. ಆದರೆ ಅಮೆರಿಕದ ಉಕ್ಕಿನ ಕಾರ್ಖಾನೆಗಳಲ್ಲಿ ಹನ್ನೆರಡು ತಾಸಿನ ಪಾಳಿ 1923ರವರೆಗೂ ಇತ್ತು. ಕುಲುಮೆ ಮುಂದೆ ಹನ್ನೆರಡು ತಾಸು ನಿಂತವನು ಯಾವ ಹೊತ್ತಿನಲ್ಲಿ ಪುಸ್ತಕ ತೆರೆಯುತ್ತಾನೆ?

ಇನ್ನು ಹೇಳುವುದು ನಿಮ್ಮದೇ ಕಸುಬಿನ ಕತೆ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ನ್ಯೂಯಾರ್ಕಿನಲ್ಲಿ ಟ್ರಯಾಂಗಲ್ ಅನ್ನುವ ಗಾರ್ಮೆಂಟ್ಸ್ ಇತ್ತು. ಹತ್ತು ಮಹಡಿಯ ಕಟ್ಟಡದ ಮೇಲಿನ ಮೂರು ಮಹಡಿ ಅವರದು. ಹೆಂಗಸರ ಬ್ಲೌಸ್ ಹೊಲಿಯುತ್ತಿದ್ದರು. ಇಟಲಿಯಿಂದ ಬಂದ ಹುಡುಗಿಯರು, ಪೂರ್ವ ಯುರೋಪಿನ ಯಹೂದಿ ಹುಡುಗಿಯರು. ಇಂಗ್ಲಿಷ್ ಸರಿಯಾಗಿ ಬಾರದವರು. 1909ರ ನವೆಂಬರ್‌ನಲ್ಲಿ ಆ ಊರಿನ ಹೊಲಿಗೆಯವರೆಲ್ಲ ಒಂದು ಸಭೆ ಸೇರಿದ್ದರು. ದೊಡ್ಡ ದೊಡ್ಡ ನಾಯಕರು ಎರಡು ತಾಸು ಭಾಷಣ ಮಾಡಿದರು. ಕ್ಲಾರಾ ಲೆಮ್ಲಿಕ್ ಅನ್ನುವ ಹುಡುಗಿ ಎದ್ದು ವೇದಿಕೆ ಹತ್ತಿ, ತನ್ನ ಯಿಡ್ಡಿಶ್ ಭಾಷೆಯಲ್ಲಿ, ಮಾತು ಕೇಳಿ ಕೇಳಿ ಸಾಕಾಗಿದೆ, ಮುಷ್ಕರ ಮಾಡೋಣ ಅಂದಳು. ಸಭೆಯೆಲ್ಲ ಬಲಗೈ ಎತ್ತಿ, ಕೊಟ್ಟ ಮಾತಿಗೆ ತಪ್ಪಿದರೆ ಈ ಕೈ ಒಣಗಿಹೋಗಲಿ ಅಂತ ಆಣೆ ಮಾಡಿತು. 20,000ಕ್ಕೂ ಹೆಚ್ಚು ಜನ ಮಷಿನ್ ಬಿಟ್ಟು ಎದ್ದರು. ಎಷ್ಟೋ ಕಂಪನಿಗಳು ಯೂನಿಯನ್ ಜೊತೆ ಒಪ್ಪಂದ ಮಾಡಿಕೊಂಡವು. ಟ್ರಯಾಂಗಲ್ ಮಾಡಿಕೊಳ್ಳಲಿಲ್ಲ.

ಅಲ್ಲಿ ಒಂಬತ್ತನೇ ಮಹಡಿಯಲ್ಲಿ ಎರಡು ಕಡೆ ಮೆಟ್ಟಿಲು. ಒಂದು ಬಾಗಿಲಿಗೆ ಬೀಗ. ಸಂಜೆ ಎಲ್ಲರೂ ಇನ್ನೊಂದೇ ಬಾಗಿಲಿನಿಂದ ಸಾಲಾಗಿ ಹೋಗಬೇಕು, ಹೋಗುವಾಗ ಬ್ಯಾಗು ಬಿಚ್ಚಿ ತೋರಿಸಬೇಕು. ಬಟ್ಟೆ ಕದ್ದುಬಿಟ್ಟರೆ ಅಂತ. ನಿಮ್ಮಲ್ಲಿ ಕೆಲವರು ತಲೆ ಆಡಿಸುತ್ತಿದ್ದೀರಿ. ಗೊತ್ತಾಯಿತು ಬಿಡಿ.

1911ರ ಮಾರ್ಚ್ 25, ಶನಿವಾರ, ಸಂಜೆ ನಾಲ್ಕೂವರೆ ದಾಟಿತ್ತು. ಮನೆಗೆ ಹೊರಡುವ ಹೊತ್ತು. ಎಂಟನೇ ಮಹಡಿಯಲ್ಲಿ ಕಟಿಂಗ್ ಟೇಬಲ್ ಕೆಳಗೆ ಬಿದ್ದಿದ್ದ ಬಟ್ಟೆ ಚೂರುಗಳಿಗೆ ಬೆಂಕಿ ಹತ್ತಿತು. ಎಂಟನೇ ಮಹಡಿಯಿಂದ ಹತ್ತನೆಯದಕ್ಕೆ ಫೋನ್ ಹೋಯಿತು. ಅಲ್ಲಿ ಆಫೀಸು, ಮಾಲೀಕರು. ಅವರು ತಾರಸಿ ಹತ್ತಿ ಪಾರಾದರು. ಒಂಬತ್ತನೇ ಮಹಡಿಗೆ ಯಾರೂ ಹೇಳಲಿಲ್ಲ. ಬೆಂಕಿಯೇ ಬಂದು ಹೇಳಿತು. ಒಂದು ಬಾಗಿಲ ಕಡೆ ಉರಿ. ಇನ್ನೊಂದು ಬಾಗಿಲಿಗೆ ಬೀಗ. ಹೊರಗಿನ ಕಬ್ಬಿಣದ ಏಣಿ ಭಾರ ತಾಳದೆ ಕುಸಿಯಿತು. ಲಿಫ್ಟ್ ನಡೆಸುವ ಇಬ್ಬರು ಹುಡುಗರು ಆಗುವವರೆಗೂ ಮೇಲೆ ಕೆಳಗೆ ಓಡಾಡಿ ಎಷ್ಟೋ ಜನರನ್ನು ಇಳಿಸಿದರು. ಅಗ್ನಿಶಾಮಕದವರು ಬಂದರು. ಅವರ ಏಣಿ ಆರನೇ ಮಹಡಿಗೇ ಮುಗಿದುಹೋಯಿತು. ಕಿಟಕಿಗಳಲ್ಲಿ ಹುಡುಗಿಯರು ನಿಂತಿದ್ದರು. ಕೆಲವರು ಒಬ್ಬರ ಕೈ ಒಬ್ಬರು ಹಿಡಿದು ಹಾರಿದರು. ಅರ್ಧ ತಾಸಿನೊಳಗೆ ಎಲ್ಲ ಮುಗಿದಿತ್ತು. ಸತ್ತವರು 146 ಜನ. 123 ಹೆಂಗಸರು, 23 ಗಂಡಸರು. ಎಲ್ಲರಿಗಿಂತ ಚಿಕ್ಕವರಿಗೆ ಹದಿನಾಲ್ಕು ವರ್ಷ.

ಬೂದಿಯಲ್ಲಿ ಆ ಬೀಗ ಸಿಕ್ಕಿತು. ಕೋರ್ಟಿನಲ್ಲಿ ಅದನ್ನು ಇಟ್ಟು ತೋರಿಸಿದರು. ಕಳ್ಳತನದಿಂದ ನಿಮಗೆ ಒಟ್ಟು ಎಷ್ಟು ನಷ್ಟ ಆಗಿತ್ತು ಅಂತ ಸರ್ಕಾರಿ ವಕೀಲರು ಮಾಲೀಕ ಐಸಾಕ್ ಹ್ಯಾರಿಸ್ ಅವರನ್ನು ಕೇಳಿದರು. ಕೆದಕಿ ಕೆದಕಿ ಕೇಳಿದ ಮೇಲೆ, 25 ಡಾಲರ್ ದಾಟಿರಲಿಕ್ಕಿಲ್ಲ ಅಂತ ಒಪ್ಪಿಕೊಂಡರು. ನಾನು ಈ ಜಾಗವನ್ನು ಮೊದಲ ಸಲ ಓದಿದಾಗ ಪುಸ್ತಕ ಮುಚ್ಚಿಟ್ಟು ಹೊರಗೆ ಹೋಗಿ ನಿಂತಿದ್ದೆ. ಆ ಗಳಿಗೆಯಲ್ಲಿ ಬಾಗಿಲಿಗೆ ಬೀಗ ಇತ್ತು ಅನ್ನುವುದು ಮಾಲೀಕರಿಗೆ ಖಚಿತವಾಗಿ ಗೊತ್ತಿತ್ತು ಅಂತ ಸಾಬೀತಾಗಲಿಲ್ಲ. ಇಬ್ಬರೂ ಬಿಡುಗಡೆಯಾದರು. ಎರಡು ವರ್ಷದ ಮೇಲೆ ಅವರಲ್ಲೊಬ್ಬರಾದ ಮ್ಯಾಕ್ಸ್ ಬ್ಲಾಂಕ್ ತಮ್ಮ ಹೊಸ ಕಾರ್ಖಾನೆಯಲ್ಲೂ ಕೆಲಸದ ಹೊತ್ತಿನಲ್ಲಿ ಬಾಗಿಲಿಗೆ ಬೀಗ ಹಾಕಿಸಿ ಸಿಕ್ಕಿಬಿದ್ದರು. ದಂಡ 20 ಡಾಲರ್.

ಆ ಸಂಜೆ ಪಕ್ಕದ ಬೀದಿಯ ಮನೆಯೊಂದರಲ್ಲಿ ಟೀ ಕುಡಿಯುತ್ತಿದ್ದ ಫ್ರಾನ್ಸಿಸ್ ಪರ್ಕಿನ್ಸ್ ಅನ್ನುವ ಹೆಂಗಸು ಸದ್ದು ಕೇಳಿ ಓಡಿ ಬಂದರು. ಜನ ಕಿಟಕಿಯಿಂದ ಬೀಳುವುದನ್ನು ಕಣ್ಣಾರೆ ಕಂಡರು. 1933ರಲ್ಲಿ ಅವರೇ ದೇಶದ ಕಾರ್ಮಿಕ ಮಂತ್ರಿಯಾದರು. ಅಮೆರಿಕದ ಮಂತ್ರಿಮಂಡಲಕ್ಕೆ ಬಂದ ಮೊದಲ ಹೆಣ್ಣು ಅವರು. ಬೆಂಕಿಯ ನಂತರ ಕಾರ್ಖಾನೆಗಳ ತನಿಖೆಗೆ ನೇಮಿಸಿದ ಆಯೋಗದ ಅಧ್ಯಕ್ಷರಾಗಿದ್ದವರು ರಾಬರ್ಟ್ ವ್ಯಾಗ್ನರ್. 1935ರಲ್ಲಿ ಯೂನಿಯನ್ ಕಟ್ಟುವ ಹಕ್ಕನ್ನು ದೇಶದ ಕಾನೂನು ಮಾಡಿದ್ದು ಅವರ ಹೆಸರಿನ ಕಾಯ್ದೆ. ಆ ಬೂದಿಯಿಂದ ಈ ಕಾಯ್ದೆಗೆ 24 ವರ್ಷ.

ಕಾಯ್ದೆ ಬಂತು, ಕಂಪನಿಗಳು ಒಪ್ಪಬೇಕಲ್ಲ? ಅದು ಒಪ್ಪಿಗೆಯಾಗಿದ್ದು ಮಿಷಿಗನ್ ರಾಜ್ಯದ ಫ್ಲಿಂಟ್ ಊರಿನಲ್ಲಿ. ಜನರಲ್ ಮೋಟಾರ್ಸ್ ಆಗ ಜಗತ್ತಿನ ಅತಿ ದೊಡ್ಡ ಕಾರು ಕಂಪನಿ. ಲೈನ್ ವೇಗ ಏರುತ್ತಲೇ ಇತ್ತು. ಟಾರ್ಗೆಟ್ ಅಂದರೆ ಏನು ಅಂತ ನಿಮಗೆ ನಾನು ವಿವರಿಸಬೇಕಿಲ್ಲ. ಹೊರಗೆ ಹೋಗಿ ಗೇಟಿನ ಮುಂದೆ ಕೂತರೆ ಏನಾಗುತ್ತದೆ ಅಂತ ಹೋಮ್‌ಸ್ಟೆಡ್ ತೋರಿಸಿತ್ತು. ಬಾಗಿಲು ಮುಚ್ಚುತ್ತದೆ, ಬೇರೆ ಆಳು ಬರುತ್ತಾರೆ. ಹಾಗಾಗಿ 1936ರ ಡಿಸೆಂಬರ್ 30ರಂದು ಫ್ಲಿಂಟ್‌ನವರು ಹೊರಗೆ ಹೋಗಲೇ ಇಲ್ಲ. ಮಷಿನ್ ನಿಲ್ಲಿಸಿ ಒಳಗೇ ಕೂತರು.

44 ದಿನ ಕೂತರು. ಕಾರಿನ ಸೀಟುಗಳನ್ನೇ ಹಾಸಿ ಮಲಗಿದರು. ಕಸ ಗುಡಿಸಲು ಒಂದು ತಂಡ, ಕಾವಲಿಗೆ ಒಂದು, ಊಟ ಬಡಿಸಲು ಒಂದು. ಹೆಂಡ ಒಳಗೆ ಬರಕೂಡದು. ಯಂತ್ರಕ್ಕೆ ಒಂದು ಗೀರೂ ಬೀಳಬಾರದು. ಊಟ ಹೊರಗಿನಿಂದ, ಹೆಂಡತಿ ಮಕ್ಕಳು ಮತ್ತು ಊರಿನವರು ಬೇಯಿಸಿ ಕಳಿಸಿದ್ದು. ಜನವರಿ 11ರಂದು, ಕೊರೆಯುವ ಚಳಿಯಲ್ಲಿ, ಕಂಪನಿ ಒಂದು ಕಟ್ಟಡದ ಹೀಟರ್ ಆರಿಸಿತು. ಊಟ ಹೋಗುತ್ತಿದ್ದ ಏಣಿ ತೆಗೆದು ಗೇಟು ಮುಚ್ಚಿತು. ಒಳಗಿದ್ದವರು ಕೆಳಗಿಳಿದು ಬಂದು ಗೇಟನ್ನು ನೂಕಿದರು, ಅದು ತೆರೆದುಕೊಂಡಿತು. ಪೊಲೀಸರು ಅಶ್ರುವಾಯು ಸಿಡಿಸಿದರು. ಒಳಗಿನವರು ಬೆಂಕಿ ಆರಿಸುವ ಪೈಪಿನಿಂದ ಮಂಜಿನಂಥ ನೀರು ಬಿಟ್ಟರು. ಕೈಗೆ ಸಿಕ್ಕಿದ ಕಬ್ಬಿಣ ಎಸೆದರು. ಆ ಕಬ್ಬಿಣ ಏನು ಗೊತ್ತಾ? ಕಾರಿನ ಬಾಗಿಲಿಗೆ ಹಾಕುವ ಕೀಲುಗಳು. ಹತ್ತಕ್ಕೂ ಹೆಚ್ಚು ಜನಕ್ಕೆ ಗುಂಡೇಟು ಬಿತ್ತು, ಯಾರೂ ಸಾಯಲಿಲ್ಲ. ಆ ರಾತ್ರಿ ಜೆನೋರಾ ಜಾನ್ಸನ್ ಅನ್ನುವ 23 ವರ್ಷದ ಹೆಣ್ಣುಮಗಳು ಧ್ವನಿವರ್ಧಕದ ಗಾಡಿ ಹತ್ತಿ ಊರಿನ ಹೆಂಗಸರನ್ನು ಕರೆದಳು. ಅವರು ಪೊಲೀಸರ ಸಾಲು ಸೀಳಿಕೊಂಡು ಬಂದು ನಡುವೆ ನಿಂತರು. ಹೆಂಗಸರ ಬೆನ್ನಿಗೆ ಗುಂಡು ಹೊಡೆಯಲು ಪೊಲೀಸರಿಗೆ ಕೈ ಬರಲಿಲ್ಲ.

ರಾಜ್ಯಪಾಲ ಫ್ರಾಂಕ್ ಮರ್ಫಿ ಸೇನೆ ಕರೆಸಿದರು, ಆದರೆ ಕೂತವರನ್ನು ಎಳೆದು ಹಾಕಲು ಅದನ್ನು ಬಳಸಲಿಲ್ಲ. ಹೋಮ್‌ಸ್ಟೆಡ್‌ಗೂ ಫ್ಲಿಂಟ್‌ಗೂ ಇದ್ದ ದೊಡ್ಡ ವ್ಯತ್ಯಾಸ ಇದು. ಫೆಬ್ರುವರಿ 11ರಂದು ಕಂಪನಿ ಯೂನಿಯನ್ ಜೊತೆ ಸಹಿ ಹಾಕಿತು. ಮುಂದಿನ ತಿಂಗಳು ಯು.ಎಸ್. ಸ್ಟೀಲ್ ಮುಷ್ಕರ ಇಲ್ಲದೆಯೇ ಯೂನಿಯನ್ನನ್ನು ಒಪ್ಪಿತು. ಹೋಮ್‌ಸ್ಟೆಡ್ ಕಾರ್ಖಾನೆ ಆಗ ಅದರದೇ. ಫ್ರಿಕ್ ಬೇಲಿ ಕಟ್ಟಿಸಿ 45 ವರ್ಷ ಆಗಿತ್ತು.

1938ರ ಕಾನೂನು ದೇಶಕ್ಕೆಲ್ಲ ಕನಿಷ್ಠ ಕೂಲಿ ತಂದಿತು, ತಾಸಿಗೆ 25 ಸೆಂಟ್. 1940ರ ಹೊತ್ತಿಗೆ ವಾರಕ್ಕೆ 40 ತಾಸು, ಅದರ ಮೇಲೆ ಓಟಿ. ಆದರೆ ಇಲ್ಲಿ ಒಂದು ಅನ್ಯಾಯ ಇದೆ. 1935ರ ಕಾಯ್ದೆಯೂ 1938ರ ಕಾಯ್ದೆಯೂ ಹೊಲದ ಕೂಲಿಗಳನ್ನು, ಮನೆಗೆಲಸದವರನ್ನು ಹೊರಗಿಟ್ಟವು. ದಕ್ಷಿಣದ ರಾಜ್ಯಗಳಲ್ಲಿ ಆ ಕೆಲಸ ಮಾಡುತ್ತಿದ್ದವರು ಬಹುತೇಕ ಕಪ್ಪು ಜನ. ಲೋವೆಲ್‌ಗೆ ಹತ್ತಿ ಬಿಡಿಸಿ ಕೊಟ್ಟವರ ಮೊಮ್ಮಕ್ಕಳು, ಮರಿಮಕ್ಕಳು.

ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ಒಂದು ಗುದ್ದಲಿ ಇತ್ತು. ಅದರ ಕಾವು ಸುಮಾರು ಒಂದು ಮೊಳ, ಅಷ್ಟೇ. ಅದನ್ನು ಹಿಡಿದರೆ ದಿನವಿಡೀ ಸೊಂಟ ಬಗ್ಗಿಸಿಯೇ ಕಳೆ ತೆಗೆಯಬೇಕು. ಯಾರಾದರೂ ನೆಟ್ಟಗೆ ನಿಂತರೆ ಮೇಸ್ತ್ರಿಗೆ ದೂರದಿಂದಲೇ ಕಾಣುತ್ತದೆ, ಕೆಲಸ ನಿಲ್ಲಿಸಿದ್ದಾನೆ ಅಂತ. ಹೊಲಕ್ಕೆ ಬಾಗಿಲಿಲ್ಲ, ನೋಡಿ. ಆ ಗುದ್ದಲಿಯೇ ಬೀಗ. 1965ರಲ್ಲಿ ಡೆಲಾನೊ ಊರಿನ ದ್ರಾಕ್ಷಿ ತೋಟಗಳಲ್ಲಿ ಲ್ಯಾರಿ ಇಟ್ಲಿಯಾಂಗ್ ಜೊತೆ ಫಿಲಿಪಿನೋ ಕೂಲಿಗಳು ಮುಷ್ಕರ ಶುರು ಮಾಡಿದರು. ಕೆಲವೇ ದಿನಗಳಲ್ಲಿ ಸೀಸರ್ ಚಾವೆಜ್ ಮತ್ತು ಡೊಲೊರೆಸ್ ಉಎರ್ತಾ ಅವರ ಮೆಕ್ಸಿಕನ್ ಕೂಲಿಗಳ ಸಂಘ ಜೊತೆಗೂಡಿತು. ಐದು ವರ್ಷ ಎಳೆಯಿತು, ಗೆದ್ದರು. ಆ ಗಿಡ್ಡ ಗುದ್ದಲಿಯನ್ನು ರಾಜ್ಯ ನಿಷೇಧಿಸಿದ್ದು 1975ರಲ್ಲಿ.

1950ರ ದಶಕದಲ್ಲಿ ಅಲ್ಲಿ ಮೂವರು ಕೆಲಸಗಾರರಲ್ಲಿ ಸುಮಾರು ಒಬ್ಬರು ಯೂನಿಯನ್ನಿನವರು. ಈಗ ಹತ್ತರಲ್ಲಿ ಒಬ್ಬರು. ಕಾರ್ಖಾನೆಗಳು ಯೂನಿಯನ್ ಇಲ್ಲದ ದಕ್ಷಿಣಕ್ಕೆ ಹೋದವು, ಆಮೇಲೆ ಬೇರೆ ದೇಶಗಳಿಗೆ, ನಮ್ಮ ಕಡೆಗೂ. 1981ರ ಆಗಸ್ಟಿನಲ್ಲಿ ಅಧ್ಯಕ್ಷ ರೇಗನ್ ಮುಷ್ಕರ ಹೂಡಿದ್ದ 11,000ಕ್ಕೂ ಹೆಚ್ಚು ವಿಮಾನ ಸಂಚಾರ ನಿಯಂತ್ರಕರನ್ನು ಒಂದೇ ಏಟಿಗೆ ಕೆಲಸದಿಂದ ತೆಗೆದರು. ಖಾಸಗಿ ಮಾಲೀಕರಿಗೆ ಅದರಿಂದ ಧೈರ್ಯ ಬಂತು.

ಹತ್ತು ವರ್ಷ ಕಳೆಯಿತು. 1991ರ ಸೆಪ್ಟೆಂಬರ್ 3. ಉತ್ತರ ಕೆರೊಲಿನಾದ ಹ್ಯಾಮ್ಲೆಟ್ ಅನ್ನುವ ಸಣ್ಣ ಊರು. ಕೋಳಿ ಮಾಂಸ ಕರಿದು ಪ್ಯಾಕ್ ಮಾಡುವ ಕಾರ್ಖಾನೆ. ಯೂನಿಯನ್ ಇಲ್ಲ. ಹನ್ನೊಂದು ವರ್ಷದಲ್ಲಿ ಒಂದು ಸಲವೂ ಸುರಕ್ಷತಾ ಇನ್ಸ್‌ಪೆಕ್ಟರ್ ಬಂದಿರಲಿಲ್ಲ. ಬೆಂಕಿ ಬಿತ್ತು. 25 ಜನ ಸತ್ತರು. ಬಾಗಿಲುಗಳಿಗೆ ಬೀಗ ಇತ್ತು. ಕೋಳಿ ಕದ್ದುಬಿಟ್ಟರೆ ಅಂತ.

ಟ್ರಯಾಂಗಲ್ ಆಗಿ 80 ವರ್ಷ, ಅದೇ ದೇಶ, ಅದೇ ಕಾರಣ. ಕಾನೂನು ಪುಸ್ತಕದಲ್ಲಿ ಇತ್ತು. ಬೀಗ ತೆಗೆಸುವ ಜನ ಒಳಗೆ ಇರಲಿಲ್ಲ. ನಾನು ಇವತ್ತು ಹೇಳಬೇಕು ಅಂತ ಬಂದ ಮಾತು ಇದೊಂದೇ.

ನಮ್ಮಲ್ಲೂ ಕಾನೂನಿಗೆ ಬರವಿರಲಿಲ್ಲ. 1948ರ ಕಾರ್ಖಾನೆಗಳ ಕಾಯ್ದೆಯ 38ನೇ ಸೆಕ್ಷನ್‌ನಲ್ಲೇ ಬರೆದಿದ್ದರು. ಕೋಣೆಯೊಳಗೆ ಒಬ್ಬರೇ ಇದ್ದರೂ ಸರಿ, ಹೊರಹೋಗುವ ಬಾಗಿಲನ್ನು ಒಳಗಿನಿಂದ ತಕ್ಷಣ ತೆಗೆಯಲು ಆಗದ ಹಾಗೆ ಬೀಗ ಹಾಕಬಾರದು ಅಂತ. 2016ರ ಏಪ್ರಿಲ್ ನಿಮಗೆ ನೆನಪಿರಬೇಕು. ಪಿ.ಎಫ್. ಹಣ ತೆಗೆಯುವುದಕ್ಕೆ ಕೇಂದ್ರ ಸರ್ಕಾರ ಹೊಸ ನಿಯಮ ತಂದಿತ್ತು. ಯಾವ ದೊಡ್ಡ ಯೂನಿಯನ್ನಿನ ಕರೆಯೂ ಇಲ್ಲದೆ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಬೊಮ್ಮನಹಳ್ಳಿಯಲ್ಲಿ ಹೊಸೂರು ರಸ್ತೆಗೆ ಇಳಿದರು. ಲಾಠಿ ಬಿತ್ತು, ಅಶ್ರುವಾಯು ಸಿಡಿಯಿತು. ಎರಡೇ ದಿನಕ್ಕೆ ಸರ್ಕಾರ ಆ ನಿಯಮ ವಾಪಸ್ ಪಡೆಯಿತು. ಅಷ್ಟು ಹೊತ್ತಿಗೆ ನನ್ನ ಅಮ್ಮ ಕೆಲಸ ಬಿಟ್ಟಾಗಿತ್ತು. ಟಿವಿ ಮುಂದೆ ಕೂತು, "ಅಯ್ಯೋ, ಇಷ್ಟು ಜನ ಇದ್ವಾ ನಾವು?" ಅಂದರು.

(ಮಾತು ಮುಗಿದ ಮೇಲೆ ಹೊರಗೆ ಟೀ ಕುಡಿಯುವಾಗ ಒಬ್ಬ ಹೆಣ್ಣುಮಗಳು ಹತ್ತಿರ ಬಂದರು. ಅವರ ಲೈನಿನ ಕೊನೆಯಲ್ಲಿ ಒಂದು ಎಮರ್ಜೆನ್ಸಿ ಬಾಗಿಲು ಇದೆಯಂತೆ. ಬೀಗ ಇಲ್ಲ, ಆದರೆ ಅದರ ಮುಂದೆ ಎದೆಮಟ್ಟ ಕಾರ್ಟನ್ ಬಾಕ್ಸ್ ಜೋಡಿಸಿದ್ದಾರೆ, ಎರಡು ತಿಂಗಳಾಯಿತು, ಸೂಪರ್‌ವೈಸರ್‌ಗೆ ಹೇಳಬೇಕು ಅಂದುಕೊಂಡಿದ್ದೇನೆ ಅಂದರು. ಪಕ್ಕದಲ್ಲಿದ್ದ ಇನ್ನೊಬ್ಬರು ಟೀ ಲೋಟ ಕೆಳಗಿಟ್ಟು, "ಒಬ್ಬಳೇ ಹೋಗ್ಬೇಡ ಕಣೇ. ನಾಡಿದ್ದು ಊಟದ ಬೆಲ್ ಆದ್ಮೇಲೆ ಲೈನಿನವರೆಲ್ಲ ಒಟ್ಟಿಗೆ ಹೋಗಿ ಕೇಳೋಣ" ಅಂದರು.)